ಬಯೋಮೆಕ್ಯಾನಿಕ್ಸ್ ಓದಲು ಹೊರಟವರಿಗೆ: ಯಾವ ಪಾಠ ಮೊದಲು, ಯಾವುದು ಆಮೇಲೆ

ಬಲಗಡೆಯ ಸೊಂಟದ ಕೀಲು ಸವೆದು ನೋಯುತ್ತಿರುವವರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋವಿರುವ ಕಡೆಯೇ ಹಿಡಿಯುವವರು ಬಹಳ ಮಂದಿ. ಸರಿಯಾದ ಉತ್ತರ ಎಡಗೈ. ಯಾಕೆ ಎಂದು ಕೇಳಿದರೆ ಕಾಗದ, ಪೆನ್ಸಿಲ್ ಹಿಡಿಯಬೇಕಾಗುತ್ತದೆ. 60 ಕಿಲೋ ತೂಕದವರೊಬ್ಬರು ಬಲಗಾಲಿನ ಮೇಲಷ್ಟೇ ನಿಂತಿದ್ದಾರೆ ಎಂದುಕೊಳ್ಳೋಣ. ಊರಿದ ಕಾಲನ್ನು ಬಿಟ್ಟು ಉಳಿದ ದೇಹದ ತೂಕ ಸುಮಾರು 500 ನ್ಯೂಟನ್. ಆ ಭಾರ ಕೀಲಿನಿಂದ ಸುಮಾರು 10 ಸೆಂಟಿಮೀಟರ್ ಒಳಗಡೆಗೆ ಬೀಳುವುದರಿಂದ ಸೊಂಟ ಎಡಕ್ಕೆ ವಾಲಲು ನೋಡುತ್ತದೆ. ವಾಲದಂತೆ ಹಿಡಿದು ನಿಲ್ಲಿಸುವುದು ಹೊರಬದಿಯ ಗ್ಲೂಟಿಯಸ್ ಮೀಡಿಯಸ್ ಮತ್ತು ಅದರ ಜೊತೆಯ ಸ್ನಾಯುಗಳು. ಕೀಲಿನಿಂದ ಅವುಗಳಿಗಿರುವ ಅಂತರ ಸುಮಾರು 5 ಸೆಂಟಿಮೀಟರ್ ಮಾತ್ರ. ಹಾಗಾಗಿ ಅವು 1000 ನ್ಯೂಟನ್ ಬಲದಿಂದ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 1500 ನ್ಯೂಟನ್, ಅಂದರೆ ದೇಹದ ತೂಕದ ಎರಡೂವರೆ ಪಟ್ಟು ಹೊರೆ. ಈಗ ಎಡಗೈಯ ಊರುಗೋಲಿನ ಮೇಲೆ, ಕೀಲಿನಿಂದ 40 ಸೆಂಟಿಮೀಟರ್ ದೂರದಲ್ಲಿ, 5 ಕಿಲೋದಷ್ಟು ಭಾರ ಹಾಕಿದರೆ ಸ್ನಾಯುಗಳು 600 ನ್ಯೂಟನ್ ಎಳೆದರೆ ಸಾಕು. ಕೀಲಿನ ಹೊರೆ 1050 ನ್ಯೂಟನ್‌ಗೆ ಬರುತ್ತದೆ. ಕೈಯಿಂದ 5 ಕಿಲೋ ಊರಿದ್ದಕ್ಕೆ ಕೀಲಿನಿಂದ 45 ಕಿಲೋ ಇಳಿಯಿತು. ಕೋಲು ಬಲಗೈಯಲ್ಲಿದ್ದರೆ ಈ ಲಾಭವಿಲ್ಲ.

ಇಷ್ಟು ಲೆಕ್ಕಕ್ಕೆ ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಬೇಕು, ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಅಂಟಿಕೊಂಡಿದೆ ಎಂಬ ತಿಳಿವಳಿಕೆ ಬೇಕು. ಅದೇ ವ್ಯಕ್ತಿ ನಡೆಯತೊಡಗಿದರೆ ವೇಗೋತ್ಕರ್ಷ ಬಂತು, ಡೈನಮಿಕ್ಸ್ ಬೇಕಾಯಿತು. ಹೆಜ್ಜೆಯನ್ನು ಅಳೆಯಲು ಕ್ಯಾಮೆರಾ ಮತ್ತು ಪಾದ ನೆಲವನ್ನು ಒತ್ತುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಬೇಕು; ಅವು ಕೊಟ್ಟ ಅಂಕಿಗಳನ್ನು ಸೋಸಲು ಸಿಗ್ನಲ್ ಪ್ರೊಸೆಸಿಂಗ್ ಗೊತ್ತಿರಬೇಕು. ಕೀಲಿನ ಮೃದ್ವಸ್ಥಿ ಯಾಕೆ ಸವೆಯಿತು ಎಂದು ಕೇಳಿದರೆ ಅಂಗಾಂಶಗಳ ಮೆಕ್ಯಾನಿಕ್ಸ್. ಊರುಗೋಲು ಹಿಡಿದ ನೂರು ಮಂದಿಯಲ್ಲಿ ನೋವು ನಿಜಕ್ಕೂ ಇಳಿಯಿತೇ ಎಂದರೆ ಸಂಖ್ಯಾಶಾಸ್ತ್ರ. ಬಯೋಮೆಕ್ಯಾನಿಕ್ಸ್ ಪದವಿಯಲ್ಲಿ ಓದಬೇಕಾದ ವಿಷಯಗಳ ಪಟ್ಟಿಯನ್ನು ಯಾರು ಮಾಡಿದರೂ ಹೆಚ್ಚು ಕಡಿಮೆ ಇದೇ ಬರುತ್ತದೆ. ವಿದ್ಯಾರ್ಥಿಗಳು ಎಡವುವುದು ಅವುಗಳ ಕ್ರಮದಲ್ಲಿ. ಗಣಿತ ಮತ್ತು ಮೆಕ್ಯಾನಿಕ್ಸನ್ನು ಮೊದಲ ಎರಡು ವರ್ಷಗಳಲ್ಲೇ ಗಟ್ಟಿ ಮಾಡಿಕೊಳ್ಳಬೇಕು, ದೇಹದ ಪಾಠವನ್ನು ಅದರ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಮೂರನೆಯ ವರ್ಷ ಮುಗಿಯುವುದರೊಳಗೆ ಕೈಯಾರೆ ಒಂದು ಅಳತೆ ಮಾಡಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯೋಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲೇ ಪದವಿ ಕೊಡುವ ವಿಶ್ವವಿದ್ಯಾಲಯಗಳು ಜಗತ್ತಿನಲ್ಲೇ ಕಡಿಮೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಒಮಾಹಾ ಕ್ಯಾಂಪಸ್ಸಿನಲ್ಲಿ ಬಯೋಮೆಕ್ಯಾನಿಕ್ಸ್‌ನಲ್ಲೇ ಬಿ.ಎಸ್. ಇದೆ. ಈ ವಿಷಯದ ಸಂಶೋಧನೆಗೆಂದೇ ಅಲ್ಲಿ 2013ರಲ್ಲಿ ಒಂದು ಕಟ್ಟಡ ಎದ್ದಿತು. ಗಮನಿಸಬೇಕಾದ ಸಂಗತಿಯೆಂದರೆ ಆ ವಿಭಾಗ ಎಂಜಿನಿಯರಿಂಗ್ ಕಾಲೇಜಿನಡಿ ಇಲ್ಲ. ಶಿಕ್ಷಣ, ಆರೋಗ್ಯ ಮತ್ತು ಮಾನವ ವಿಜ್ಞಾನಗಳ ಕಾಲೇಜಿನಡಿ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಕಿನೀಸಿಯಾಲಜಿ, ಅಂದರೆ ಚಲನೆಯ ಅಧ್ಯಯನದೊಳಗೆ ಬೆಳೆಯಿತು. ನಡಿಗೆಯ ವಿಶ್ಲೇಷಣೆಗೆ ಇಂದಿಗೂ ಎಲ್ಲರೂ ತೆರೆಯುವ ಪುಸ್ತಕ ಬರೆದ ಡೇವಿಡ್ ವಿಂಟರ್ ಪಾಠ ಮಾಡಿದ್ದು ಅಲ್ಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನಲ್ಲಿ ಅದು ಬಯೋಎಂಜಿನಿಯರಿಂಗ್ ಆಗಿ ರೂಪುಗೊಂಡಿತು. ಒಂದೇ ವಿಷಯಕ್ಕೆ ಹೀಗೆ ಹಲವು ಮನೆಗಳಿವೆ. ಕ್ರೀಡೆ ಮತ್ತು ಚಲನೆಯವರು ಇಡೀ ದೇಹವನ್ನು ನೋಡುತ್ತಾರೆ, ಎಂಜಿನಿಯರಿಂಗಿನವರು ಮೂಳೆ, ರಕ್ತನಾಳ, ಇಂಪ್ಲಾಂಟುಗಳನ್ನು ನೋಡುತ್ತಾರೆ, ಚಿಕಿತ್ಸೆಯವರಿಗೆ ರೋಗಿಯೇ ಮುಖ್ಯ. ಜಿಗಿಯುವ ಕಪ್ಪೆಯನ್ನೂ ಓಡುವ ಕುದುರೆಯನ್ನೂ ಅಳೆಯುವ ಪ್ರಾಣಿಶಾಸ್ತ್ರಜ್ಞರು ಬೇರೆ. ಯಾವ ಮನೆಗೆ ಹೋದರೂ ಅಲ್ಲಿ ಏನು ಕಲಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು, ಅದನ್ನು ಪಕ್ಕದ ಮನೆಯಿಂದ ತರುವುದೇ ಪಠ್ಯ ಯೋಜನೆಯ ಅರ್ಧ ಕೆಲಸ.

ಮೆಕ್ಯಾನಿಕ್ಸ್ ಮೊದಲು ಎನ್ನುವುದಕ್ಕೆ ಈ ವಿಜ್ಞಾನದ ಚರಿತ್ರೆಯೇ ಒಳ್ಳೆಯ ಸಾಕ್ಷಿ. ಪ್ರಾಣಿಗಳ ಚಲನೆಯನ್ನು ಸನ್ನೆಕೋಲಿನ ನಿಯಮಗಳಿಂದ ವಿವರಿಸಿದ ಇಟಲಿಯ ಬೊರೆಲ್ಲಿ ಗಣಿತಜ್ಞ. ಅವನು ತೀರಿಕೊಂಡ ಮೇಲೆ, 1680ರಲ್ಲಿ ಹೊರಬರತೊಡಗಿದ ಗ್ರಂಥದಲ್ಲಿ, ಸ್ನಾಯುಗಳು ನಾವು ಎತ್ತುವ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲ ಹಾಕುತ್ತವೆ ಎಂದು ತೋರಿಸಿದ. ಮೇಲೆ ಮಾಡಿದ ಸೊಂಟದ ಲೆಕ್ಕ ಅವನ ದಾರಿಯದೇ. ಸ್ನಾಯುವಿನ ಶಾಖವನ್ನು ಅಳೆದು 1922ರ ನೊಬೆಲ್ ಪಡೆದ, ಮುಂದೆ 1938ರಲ್ಲಿ ಸ್ನಾಯುವಿನ ಬಲಕ್ಕೂ ವೇಗಕ್ಕೂ ಇರುವ ಸಂಬಂಧದ ಸಮೀಕರಣ ಕೊಟ್ಟ ಎ.ವಿ. ಹಿಲ್ ಕೇಂಬ್ರಿಡ್ಜಿನಲ್ಲಿ ಮೊದಲು ಓದಿದ್ದು ಗಣಿತ. ಆಧುನಿಕ ಬಯೋಮೆಕ್ಯಾನಿಕ್ಸಿನ ಜನಕ ಎಂದು ಎಲ್ಲರೂ ಒಪ್ಪುವ ವೈ.ಸಿ. ಫಂಗ್ ವಿಮಾನ ತಂತ್ರಜ್ಞಾನದವರು. ಹಾರುವಾಗ ರೆಕ್ಕೆ ಹೇಗೆ ಬಾಗಿ ಕಂಪಿಸುತ್ತದೆ ಎಂಬುದರ ಬಗ್ಗೆ ಪಠ್ಯಪುಸ್ತಕ ಬರೆದವರು. ತಾಯಿಗೆ ಗ್ಲಾಕೋಮಾ ಬಂದಾಗ ಕಣ್ಣಿನೊಳಗಿನ ಒತ್ತಡದ ಬಗ್ಗೆ ಓದತೊಡಗಿ, ಕ್ರಮೇಣ ದೇಹದತ್ತ ತಿರುಗಿ, 1966ರಲ್ಲಿ ಸ್ಯಾನ್ ಡಿಯೇಗೋಗೆ ಹೋಗಿ ಹೊಸ ವಿಭಾಗ ಕಟ್ಟಿದರು. ವಿಂಟರ್ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವರು. ಇವರೆಲ್ಲ ದೇಹವನ್ನು ಆಮೇಲೆ ಕಲಿತರು, ಚೆನ್ನಾಗಿಯೇ ಕಲಿತರು. ದೇಹದಿಂದ ಶುರುಮಾಡಿ ನಲವತ್ತರ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್ ಕಲಿತವರು ಇಲ್ಲವೆಂದಲ್ಲ, ಅಪರೂಪ.

ಹಾಗಾದರೆ ಮೊದಲ ವರ್ಷ. ಇಲ್ಲಿ ಒಂದು ಬಲೆ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರದ ಆರಂಭದ ಪಾಠ ಎರಡು ಬಗೆಯದು: ಕ್ಯಾಲ್ಕುಲಸ್ ಬೇಕಾದದ್ದು ಮತ್ತು ಬೀಜಗಣಿತದಲ್ಲೇ ಮುಗಿಯುವುದು. ಕ್ರೀಡಾ ವಿಜ್ಞಾನ ಅಥವಾ ಆರೋಗ್ಯ ವಿಜ್ಞಾನದವರು ಸುಲಭವೆಂದು ಎರಡನೆಯದನ್ನು ತೆಗೆದುಕೊಂಡು, ಮುಂದೆ ಡೈನಮಿಕ್ಸ್‌ಗೆ ಸೇರಲು ಹೋದಾಗ ಬಾಗಿಲು ಮುಚ್ಚಿರುತ್ತದೆ. ಅದೇ ಭೌತಶಾಸ್ತ್ರವನ್ನು ಎರಡನೆಯ ಸಲ, ಎರಡನೆಯ ಸಲದ ಫೀಸು ಕಟ್ಟಿ ಓದಬೇಕು. ಅಲ್ಲಿಗೆ ಓದಲು ಹೋಗುವ ನಮ್ಮ ಮಕ್ಕಳು ಸಲಹೆಗಾರರ ಮುಂದೆ ಕೂತಾಗ ಈ ಒಂದನ್ನು ಕೇಳಿ ಖಚಿತಪಡಿಸಿಕೊಳ್ಳಲೇಬೇಕು. ಮೊದಲ ವರ್ಷದಲ್ಲಿ ಕ್ಯಾಲ್ಕುಲಸ್, ಅದನ್ನೇ ಬಳಸುವ ಭೌತಶಾಸ್ತ್ರ, ಸ್ಟಾಟಿಕ್ಸ್, ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್‌ನಲ್ಲಿ ಪ್ರೋಗ್ರಾಮಿಂಗ್. ಎರಡನೆಯ ವರ್ಷದಲ್ಲಿ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್, ಡೈನಮಿಕ್ಸ್, ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್. ರಸಾಯನಶಾಸ್ತ್ರ ಮತ್ತು ಜೀವಕೋಶದ ಪಾಠಗಳು ಎಲ್ಲಾದರೂ ಸೇರಿಕೊಳ್ಳುತ್ತವೆ, ಅವುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅಂಗರಚನಾಶಾಸ್ತ್ರ ಯಾವಾಗ ಎಂಬುದರಲ್ಲಿ ಭಿನ್ನಾಭಿಪ್ರಾಯ ಇದೆ. ವೈದ್ಯಕೀಯದ ಪರಂಪರೆಯಲ್ಲಿ ಅದು ಮೊದಲ ವರ್ಷದ ಮೊದಲ ಪಾಠ. ಬಯೋಮೆಕ್ಯಾನಿಕ್ಸ್ ಓದುವವರಿಗೆ ಅದು ಎರಡನೆಯ ವರ್ಷದಲ್ಲಿ, ಡೈನಮಿಕ್ಸ್ ಜೊತೆಗೇ ಬಂದರೆ ಒಳ್ಳೆಯದು ಎಂದು ನನಗನ್ನಿಸುತ್ತದೆ. ಮೊಣಕಾಲಿನ ಚಿಪ್ಪು ಅಂದರೆ ಪಟೆಲ್ಲಾ ಎಂದು ಬಾಯಿಪಾಠ ಮಾಡಿದವರು ಪರೀಕ್ಷೆಯ ನಂತರ ಮರೆಯುತ್ತಾರೆ. ತೊಡೆಯ ಮುಂಭಾಗದ ಸ್ನಾಯುವಿನ ಎಳೆತವನ್ನು ಆ ಚಿಪ್ಪು ಕೀಲಿನಿಂದ ಸ್ವಲ್ಪ ದೂರ ತಳ್ಳುತ್ತದೆ, ಹಾಗಾಗಿ ಕಡಿಮೆ ಬಲದಲ್ಲಿ ಕಾಲು ನೇರವಾಗುತ್ತದೆ ಎಂದು ಫ್ರೀ ಬಾಡಿ ಡಯಾಗ್ರಾಮ್ ಬರೆದು ಕಂಡುಕೊಂಡವರು ಮರೆಯುವುದಿಲ್ಲ. ಅವಕಾಶವಿದ್ದರೆ ಶವಚ್ಛೇದನದ ಕೊಠಡಿಗೆ ಹೋಗಿ ನೋಡುವುದನ್ನು ತಪ್ಪಿಸಬಾರದು. ಪುಸ್ತಕದ ಚಿತ್ರದಲ್ಲಿ ಗೆರೆಯಂತೆ ಕಾಣುವ ಅಸ್ಥಿರಜ್ಜು ನಿಜದಲ್ಲಿ ಎಷ್ಟು ಅಗಲ, ಎಷ್ಟು ಓರೆ ಎಂಬುದು ಮಾದರಿ ಕಟ್ಟುವವರಿಗೆ ತಿಳಿದಿರಲೇಬೇಕು.

ಮೂರನೆಯ ವರ್ಷ ಅಳತೆಯ ವರ್ಷ. ಮೋಷನ್ ಕ್ಯಾಪ್ಚರ್ ಪ್ರಯೋಗಾಲಯದಲ್ಲಿ ಕಾಲಿಗೆ ಮಾರ್ಕರ್ ಅಂಟಿಸಿ ಸೆಕೆಂಡಿಗೆ 100 ಚಿತ್ರ ತೆಗೆಯುತ್ತೇವೆ ಎನ್ನೋಣ. ಮಾರ್ಕರಿನ ಸ್ಥಾನದಿಂದ ವೇಗ, ವೇಗದಿಂದ ವೇಗೋತ್ಕರ್ಷ ಕಂಡುಹಿಡಿಯಬೇಕು, ಅಂದರೆ ಎರಡು ಸಲ ಡಿಫರೆನ್ಷಿಯೇಟ್ ಮಾಡಬೇಕು. ಒಂದು ಚಿತ್ರದಲ್ಲಿ ಮಾರ್ಕರ್ 1 ಮಿಲಿಮೀಟರ್ ಆಚೆಗೆ ಕಂಡಿತು ಅಂದುಕೊಳ್ಳಿ. ಚರ್ಮ ಅಲುಗುವುದರಿಂದಲೇ ಅಷ್ಟು ತಪ್ಪು ಬರುತ್ತದೆ. 0.001 ಮೀಟರನ್ನು ಸೆಕೆಂಡಿನ ನೂರನೆಯ ಒಂದು ಭಾಗದ ವರ್ಗದಿಂದ ಭಾಗಿಸಿದರೆ ಸೆಕೆಂಡಿನ ವರ್ಗಕ್ಕೆ 10 ಮೀಟರ್: ಭೂಮಿಯ ಗುರುತ್ವ ವೇಗೋತ್ಕರ್ಷದಷ್ಟೇ ದೊಡ್ಡ ತಪ್ಪು. ಅದನ್ನು ಕಾಲಿನ ದ್ರವ್ಯರಾಶಿಯಿಂದ ಗುಣಿಸಿ ಕೀಲಿನ ಬಲ ಎಂದು ವರದಿ ಬರೆದರೆ ಆ ವರದಿಗೆ ಬೆಲೆ ಇಲ್ಲ. ಇದಕ್ಕೇ ಅಂಕಿಗಳನ್ನು ಮೊದಲು ಫಿಲ್ಟರ್ ಮಾಡುತ್ತಾರೆ. ನಡಿಗೆಗೆ ಸುಮಾರು 6 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸುವ ಬಟರ್‌ವರ್ತ್ ಫಿಲ್ಟರ್ ವಿಂಟರ್ ಕಾಲದಿಂದ ಬಳಕೆಯಲ್ಲಿದೆ. ಸಾಫ್ಟ್‌ವೇರಿನಲ್ಲಿ ಅದು ಒಂದೇ ಗುಂಡಿ. ಆ ಗುಂಡಿಯ ಹಿಂದೆ ಏನಾಗುತ್ತಿದೆ, ಓಟಕ್ಕೆ ಅದೇ ಸಂಖ್ಯೆ ಯಾಕೆ ಸಲ್ಲದು ಎಂದು ತಿಳಿಯಲು ಸಿಗ್ನಲ್ ಪ್ರೊಸೆಸಿಂಗಿನ ಪಾಠ ಪ್ರಯೋಗಾಲಯಕ್ಕಿಂತ ಒಂದು ಸೆಮಿಸ್ಟರ್ ಮೊದಲೇ ಆಗಿರಬೇಕು. ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿಗೂ ಇದೇ ಮಾತು.

ಲೀನಿಯರ್ ಆಲ್ಜೀಬ್ರಾ ಯಾಕೆ ಬೇಕು ಎಂದು ಕೇಳುವವರಿಗೆ ಕ್ರಿಕೆಟ್ ಉದಾಹರಣೆ ಸಾಕು. ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್ ಬೌಲ್ ಮಾಡುವಾಗ ನಿಯಮ ಮೀರಿ ಮೊಣಕೈ ನೇರಮಾಡಿ ಚೆಂಡನ್ನು ಎಸೆಯುತ್ತಾರೆ ಎಂದು ಟಿವಿ ನೋಡಿದ ಅನೇಕರಿಗೆ ಅನ್ನಿಸಿತ್ತು. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೇರವಾಗದು. ಬಾಗಿದ ತೋಳು ಭುಜದ ಸುತ್ತ ತಿರುಗುವಾಗ ಒಂದೇ ಕ್ಯಾಮೆರಾದ ಚಪ್ಪಟೆ ಚಿತ್ರದಲ್ಲಿ ಅದು ನೆಟ್ಟಗಾದಂತೆ ಕಾಣುತ್ತದೆ. ನಿಜವಾದ ಕೋನ ಬೇಕಾದರೆ ಹಲವು ಕ್ಯಾಮೆರಾಗಳಿಂದ ಮೇಲ್ತೋಳಿಗೊಂದು, ಮುಂದೋಳಿಗೊಂದು ಮೂರು ಅಕ್ಷಗಳ ಚೌಕಟ್ಟು ಕಟ್ಟಿ, ಒಂದಕ್ಕೆ ಹೋಲಿಸಿ ಇನ್ನೊಂದು ಎಷ್ಟು ತಿರುಗಿತು ಎಂದು ಮ್ಯಾಟ್ರಿಕ್ಸ್ ಗುಣಾಕಾರ ಮಾಡಬೇಕು. ಹಾಗೆ ಅಳೆದಾಗ, ನಿರ್ದೋಷಿಗಳೆಂದು ಎಲ್ಲರೂ ನಂಬಿದ್ದ ಬೌಲರುಗಳ ಮೊಣಕೈ ಕೂಡ ಒಂದಿಷ್ಟು ನೇರವಾಗುತ್ತದೆ ಎಂದು ಗೊತ್ತಾಯಿತು. ಸ್ಪಿನ್ನರಿಗೆ 5, ಮಧ್ಯಮ ವೇಗಿಗೆ 7.5, ವೇಗಿಗೆ 10 ಡಿಗ್ರಿ ಎಂದಿದ್ದ ಮಿತಿಯನ್ನು ಐಸಿಸಿ 2005ರಲ್ಲಿ ಎಲ್ಲರಿಗೂ 15 ಡಿಗ್ರಿ ಎಂದು ಬದಲಿಸಿತು. ಇಂಥ ಪರೀಕ್ಷೆ ಮಾಡಲು ಐಸಿಸಿ ಮಾನ್ಯತೆ ಪಡೆದ ಪ್ರಯೋಗಾಲಯ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿದೆ. ಒಬ್ಬ ಆಟಗಾರನ ಇಡೀ ವೃತ್ತಿಜೀವನ ಎರಡನೆಯ ವರ್ಷದ ಗಣಿತದ ಮೇಲೆ ನಿಂತಿರುವ ಸಂದರ್ಭ ಇದು.

ಅಂಗಾಂಶಗಳ ಕಡೆಗೆ ಒಲವಿರುವವರ ದಾರಿ ಇಲ್ಲಿಂದ ಬೇರೆ. ಉಕ್ಕಿಗಿರುವ ಸರಳ ನಿಯಮ ಸ್ನಾಯುರಜ್ಜುವಿಗೆ ಹೊಂದುವುದಿಲ್ಲ. ಎಳೆದಷ್ಟೂ ಅದು ಗಡುಸಾಗುತ್ತದೆ, ಎಷ್ಟು ವೇಗವಾಗಿ ಎಳೆದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಅಂಗಾಂಶಗಳ ಕಡೆಯವರು ಕಂಟಿನ್ಯುಅಮ್ ಮೆಕ್ಯಾನಿಕ್ಸ್, ಫೈನೈಟ್ ಎಲಿಮೆಂಟ್, ದ್ರವಗಳ ಚಲನೆ ಇವನ್ನು ಮೂರು ಮತ್ತು ನಾಲ್ಕನೆಯ ವರ್ಷದಲ್ಲಿ ಓದಲಿ. ಚಲನೆಯ ಕಡೆಯವರು ಅದೇ ಜಾಗದಲ್ಲಿ ಮೋಟಾರ್ ಕಂಟ್ರೋಲ್ ಓದಲಿ. ಎರಡನ್ನೂ ಪದವಿಯಲ್ಲೇ ಪೂರ್ತಿ ಓದಲು ಹೊರಟವರು ಯಾವುದನ್ನೂ ಆಳವಾಗಿ ಓದಲಾರರು.

ಸಂಖ್ಯಾಶಾಸ್ತ್ರಕ್ಕೆ ಮಾತ್ರ ವಿನಾಯಿತಿ ಇಲ್ಲ. ಅಂಕಿಗಳು ಯಾರಿಂದ ಬಂದವು ಎಂದು ಕೇಳುವ ಅಭ್ಯಾಸವನ್ನು ಬೇರೆ ಯಾವ ಪಾಠವೂ ಅಷ್ಟು ಚೆನ್ನಾಗಿ ಹಚ್ಚುವುದಿಲ್ಲ. ಪಾದ, ಮೀನಖಂಡ, ತೊಡೆ ಇವುಗಳ ದ್ರವ್ಯರಾಶಿ ದೇಹದ ತೂಕದ ಶೇಕಡಾ ಎಷ್ಟು ಎಂಬ ಕೋಷ್ಟಕ ಪಠ್ಯಪುಸ್ತಕಗಳಲ್ಲಿ ಇರುತ್ತದೆ. ತುಂಬ ಬಳಕೆಯಲ್ಲಿರುವ ಕೋಷ್ಟಕದ ಮೂಲ 1955ರಲ್ಲಿ ಅಮೆರಿಕದಲ್ಲಿ ಡೆಂಪ್‌ಸ್ಟರ್ ಮಾಡಿದ ಅಧ್ಯಯನ. ಅವನು ಅಳೆದದ್ದು ವಯಸ್ಸಾದ ಎಂಟು ಗಂಡಸರ ಶವಗಳನ್ನು. ಆಮೇಲೆ ಬೇರೆ ಕೋಷ್ಟಕಗಳೂ ಬಂದಿವೆ. ಆದರೂ ರಾಯಚೂರಿನ ಇಪ್ಪತ್ತರ ಹುಡುಗಿಯ ನಡಿಗೆಯ ಲೆಕ್ಕಕ್ಕೆ ಆ ಎಂಟು ಶವಗಳ ಶೇಕಡಾವಾರನ್ನು ಹಾಕುವಾಗ ಉತ್ತರ ಎಷ್ಟು ಅಲ್ಲಾಡುತ್ತದೆ ಎಂದು ಪರೀಕ್ಷಿಸಿ ನೋಡುವುದು ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಖರ್ಚೂ ಇಲ್ಲ. ಸ್ಟ್ಯಾನ್‌ಫರ್ಡ್‌ನವರು 2007ರಲ್ಲಿ ಹೊರತಂದ ಓಪನ್‌ಸಿಮ್ ಉಚಿತ. ಲ್ಯಾಪ್‌ಟಾಪ್ ಒಂದಿದ್ದರೆ ಇಡೀ ಅಸ್ಥಿಪಂಜರವನ್ನು ಸ್ನಾಯುಗಳ ಸಮೇತ ನಡೆಸಿ ನೋಡಬಹುದು.

ಇನ್ನು ಕರ್ನಾಟಕದ ಮಾತು. ನಮ್ಮಲ್ಲಿ ಯೋಜನೆ ಶುರುವಾಗುವುದು ಪದವಿಯಲ್ಲಿ ಅಲ್ಲ, ಪಿಯುಸಿ ಅರ್ಜಿ ತುಂಬುವ ದಿನ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡವರಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ; ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟವರಿಗೆ ಫಿಸಿಯೋಥೆರಪಿ ಇಲ್ಲ. ಪಿಯುಸಿ ಆದ ಮೇಲೆ ಬಯೋಮೆಡಿಕಲ್ ಎಂಜಿನಿಯರಿಂಗ್ ಸೇರಿದರೆ ಬಯೋಮೆಕ್ಯಾನಿಕ್ಸ್ ತಾನಾಗಿ ಸಿಗುತ್ತದೆ ಎಂದು ಅನೇಕ ಪಾಲಕರು ಭಾವಿಸುತ್ತಾರೆ. ನಮ್ಮ ದೇಶದ ಬಯೋಮೆಡಿಕಲ್ ಮತ್ತು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಶಾಖೆಗಳು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್‌ನತ್ತ ವಾಲಿವೆ: ಸರ್ಕೀಟು, ಸೆನ್ಸರು, ಇಮೇಜಿಂಗ್. ಸಿಗ್ನಲ್ ಪಾಠ ಅಲ್ಲಿ ಗಟ್ಟಿ, ಮೆಕ್ಯಾನಿಕ್ಸ್ ತೆಳು. ಕೀಲು, ಮೂಳೆ, ಇಂಪ್ಲಾಂಟ್ ಬೇಕೆನ್ನುವವರಿಗೆ ಮೆಕ್ಯಾನಿಕಲ್ ಶಾಖೆಯೇ ಹೆಚ್ಚು ಹತ್ತಿರದ ದಾರಿ. ಬೇಕಾದ ಮೆಕ್ಯಾನಿಕ್ಸ್ ಪಾಠಗಳು ಅಲ್ಲಿ ಕಡ್ಡಾಯವಾಗಿಯೇ ಇರುತ್ತವೆ, ಅಂಗರಚನೆಯನ್ನು ಮತ್ತು ಅಂಗಕ್ರಿಯೆಯನ್ನು ಹೊರಗಿನಿಂದ ಸೇರಿಸಿಕೊಂಡರಾಯಿತು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಬಯೋಮೆಕ್ಯಾನಿಕ್ಸ್ ಪಾಠಗಳಿವೆ. ಇಂಥ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಿಂದ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಪಾಠಗಳವರೆಗೆ ಕ್ರೆಡಿಟ್ ಪಡೆಯಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ಕಾಲೇಜು ಅದನ್ನು ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ವಿಚಾರಿಸಬೇಕು.

ಫಿಸಿಯೋಥೆರಪಿ ಪದವಿ, ಅಂದರೆ ಬಿಪಿಟಿ ಓದುವವರ ಕೊರತೆ ಇದರ ತದ್ವಿರುದ್ಧ. ದೇಹ ಅವರಿಗೆ ಅಂಗೈಯಲ್ಲಿದೆ, ರೋಗಿಯನ್ನು ಮುಟ್ಟಿ ನೋಡಿದ ಅನುಭವ ಇದೆ. ಗಣಿತ ಪಿಯುಸಿಗೇ ನಿಂತಿರುತ್ತದೆ, ಕೆಲವರಿಗೆ ಹತ್ತನೆಯ ತರಗತಿಗೇ. ಅವರು ಮೊದಲ ವರ್ಷದಿಂದಲೇ ವಾರಕ್ಕೆ ಒಂದಿಷ್ಟು ಹೊತ್ತು ಕ್ಯಾಲ್ಕುಲಸ್ಸಿಗೂ ಪೈಥಾನಿಗೂ ಇಟ್ಟರೆ ನಾಲ್ಕನೆಯ ವರ್ಷಕ್ಕೆ ತಮ್ಮದೇ ಅಂಕಿಗಳನ್ನು ತಾವೇ ಬಿಡಿಸಬಲ್ಲರು. ಬಿ.ಎಸ್‌ಸಿ. ಓದುವವರ ಕಷ್ಟ ಸಮಯದ್ದು. ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿರುವುದರಿಂದ ಪ್ರಾಜೆಕ್ಟಿನ ವರ್ಷವೇ ಕೈತಪ್ಪಿದೆ, ಅದನ್ನು ಎಂ.ಎಸ್‌ಸಿ.ಯಲ್ಲಿ ತುಂಬಿಕೊಳ್ಳಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಲ್ಲಿ ಆರಂಭವಾದ ನಾಲ್ಕು ವರ್ಷದ ಬಿ.ಎಸ್. ಸೀಟು ಸಿಕ್ಕರೆ ಗಣಿತ, ಭೌತ, ರಸಾಯನ, ಜೀವವಿಜ್ಞಾನ ನಾಲ್ಕರ ಬುನಾದಿಯೂ ಎಲ್ಲರಿಗೂ ಹಾಕಿಸುತ್ತಾರೆ. ಸೀಟುಗಳು ಕಡಿಮೆ.

ಪಾಲಕರು ಹೆಸರೂ ಕೇಳಿರದ ಇನ್ನೊಂದು ಪದವಿ ಇದೆ: ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್, ಅಂದರೆ ಕೃತಕ ಅಂಗ ಮತ್ತು ಆಧಾರ ಸಾಧನಗಳ ಬಿಪಿಒ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲಿ ಇದನ್ನು ಕಲಿಸುತ್ತಾರೆ. ಬಯೋಮೆಕ್ಯಾನಿಕ್ಸನ್ನು ಕೈಯಿಂದ ಕಲಿಯಲು ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಐಐಟಿ ಮದ್ರಾಸಿನ ಎಂಜಿನಿಯರುಗಳು ಇದೇ ಮೊಬಿಲಿಟಿ ಇಂಡಿಯಾ ಮತ್ತು ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಜೊತೆ ಸೇರಿ ‘ಕದಂ’ ಎಂಬ ಕೃತಕ ಮೊಣಕಾಲನ್ನು ರೂಪಿಸಿ 2022ರಲ್ಲಿ ಹೊರತಂದರು. ಒಂದೇ ಕೀಲುಮೊಳೆಯ ಬದಲು ಹಲವು ಕೊಂಡಿಗಳಿರುವ ಮೊಣಕಾಲು ಅದು. ಬಾಗುತ್ತಾ ಹೋದಂತೆ ತಿರುಗುವ ಕೇಂದ್ರವೇ ಜಾಗ ಬದಲಿಸುವುದರಿಂದ ನಿಂತಾಗ ಫಕ್ಕನೆ ಮಡಚಿಕೊಳ್ಳುವ ಭಯ ಕಡಿಮೆ. ಮೆಕ್ಯಾನಿಕಲ್ ವಿದ್ಯಾರ್ಥಿಗಳು ನಾಲ್ಕು ಕೊಂಡಿಗಳ ಯಂತ್ರ ಎಂದು ಪರೀಕ್ಷೆಗೆ ಬಿಡಿಸುವ ಲೆಕ್ಕವೇ ಇಲ್ಲಿ ಮೊಣಕಾಲಾಗಿದೆ.

ಮೆಕ್ಯಾನಿಕ್ಸ್ ಮೊದಲು ಎಂಬ ನನ್ನ ವಾದಕ್ಕೆ ಬಲವಾದ ಎದುರುತ್ತರವೂ ನಮ್ಮ ದೇಶದ್ದೇ. 1968ರಲ್ಲಿ ಜೈಪುರದಲ್ಲಿ ರೂಪುಗೊಂಡ ಜೈಪುರ್ ಫುಟ್ ಎಂಬ ಕೃತಕ ಪಾದದ ಹಿಂದೆ ಇದ್ದವರು ಶಸ್ತ್ರಚಿಕಿತ್ಸಕ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ವಿದೇಶದಿಂದ ಬರುತ್ತಿದ್ದ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದರಲ್ಲಿ ಕುಕ್ಕರಗಾಲಲ್ಲಿ ಕೂರಲಾಗದು, ಗದ್ದೆಯ ಕೆಸರಲ್ಲಿ ನಡೆಯಲಾಗದು. ಇದನ್ನು ಅವರು ಸಮೀಕರಣದಿಂದ ತಿಳಿದುಕೊಳ್ಳಲಿಲ್ಲ, ಕೊಟ್ಟ ಕಾಲನ್ನು ಮನೆಯ ಮೂಲೆಯಲ್ಲಿಟ್ಟು ಮತ್ತೆ ಊರುಗೋಲು ಹಿಡಿದ ರೈತರಿಂದ ತಿಳಿದುಕೊಂಡರು. ನಡಿಗೆಯಲ್ಲಿ ಮೊಣಕಾಲು ಬಾಗುವುದು ಹೆಚ್ಚೆಂದರೆ ಸುಮಾರು 60 ಡಿಗ್ರಿ. ಕುಕ್ಕರಗಾಲಲ್ಲಿ ಕೂತರೆ 130 ಡಿಗ್ರಿ ದಾಟುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕದ ಅಧ್ಯಾಯಗಳು ಸಮತಟ್ಟು ನೆಲದ ನಡಿಗೆಯ ಮೇಲೆಯೇ ಇರುವುದರಿಂದ, ನೆಲದಲ್ಲಿ ಕೂತು ಊಟ ಮಾಡುವ, ತಲೆಯ ಮೇಲೆ ಕೊಡ ಹೊರುವ, ಬಗ್ಗಿ ನಾಟಿ ಮಾಡುವ ದೇಹದ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಯೋಜನೆಯಲ್ಲಿ ಒಂದು ರಜೆಯನ್ನಾದರೂ ಕೃತಕ ಅಂಗ ಜೋಡಿಸುವ ಕೇಂದ್ರದಲ್ಲೋ ಫಿಸಿಯೋಥೆರಪಿ ಹೊರರೋಗಿ ವಿಭಾಗದಲ್ಲೋ ಕಳೆಯಲು ಇಟ್ಟುಕೊಳ್ಳಬೇಕು, ಅದೂ ಎರಡನೆಯ ವರ್ಷದ ಕೊನೆಗೇ. ಪ್ರಾಜೆಕ್ಟಿನ ಪ್ರಶ್ನೆ ಅಲ್ಲಿ ಹುಟ್ಟಿದರೆ ಕೊನೆಯ ಎರಡು ವರ್ಷಕ್ಕೆ ಯಾವ ಐಚ್ಛಿಕ ಪಾಠ ಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ವಿದ್ಯಾರ್ಥಿಯೊಬ್ಬರೇ ಇಷ್ಟನ್ನೆಲ್ಲ ಜೋಡಿಸಿಕೊಳ್ಳಬೇಕಾಗಿರುವುದು ನ್ಯಾಯವಲ್ಲ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿನವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿವೆ, ಫಿಸಿಯೋಥೆರಪಿ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ. ಒಂದೇ ಟ್ರಸ್ಟಿನ ಎರಡು ಕಾಲೇಜುಗಳು ಒಂದೇ ಕಾಂಪೌಂಡಿನಲ್ಲಿದ್ದರೂ ಇವರ ಪಾಠಕ್ಕೆ ಅವರು ಕೂರುವಂತಿಲ್ಲ. ಮಣಿಪಾಲದಂಥ ಕಡೆ ಬಯೋಮೆಡಿಕಲ್ ಎಂಜಿನಿಯರಿಂಗ್, ಫಿಸಿಯೋಥೆರಪಿ, ವೈದ್ಯಕೀಯ ಮೂರೂ ಒಂದೇ ವಿಶ್ವವಿದ್ಯಾಲಯದ ಒಳಗಿರುವುದರಿಂದ ಅಲ್ಲಿ ಅಡ್ಡಗೋಡೆ ತೆಗೆಯುವುದು ಸುಲಭ. ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ನಡುವೆಯೂ ಇದು ಅಸಾಧ್ಯವಲ್ಲ. ಕ್ರೆಡಿಟ್‌ಗಳನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯಲೆಂದೇ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ಮೊದಲು ಎರಡೇ ಪಾಠಗಳನ್ನು ಹಂಚಿಕೊಂಡರೆ ಸಾಕು: ಎಂಜಿನಿಯರಿಂಗಿನವರು ಫಿಸಿಯೋಥೆರಪಿ ಕಾಲೇಜಿನಲ್ಲಿ ಅಂಗರಚನೆಯ ಪ್ರಯೋಗ ಪಾಠಕ್ಕೆ ಕೂರಲಿ, ಬಿಪಿಟಿಯವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಟಾಟಿಕ್ಸ್ ಮತ್ತು ಪ್ರೋಗ್ರಾಮಿಂಗ್ ಕಲಿಯಲಿ, ಕೊನೆಯ ವರ್ಷದ ಪ್ರಾಜೆಕ್ಟನ್ನು ಇಬ್ಬರೂ ಜೋಡಿಯಾಗಿ ಮಾಡಲಿ. ಇದಕ್ಕೆ ಹೊಸ ಕಟ್ಟಡ, ಹೊಸ ಹುದ್ದೆ ಬೇಡ. ಎರಡು ವೇಳಾಪಟ್ಟಿಗಳನ್ನು ಹೊಂದಿಸಬೇಕು, ಎರಡು ಪಠ್ಯಕ್ರಮ ಮಂಡಳಿಗಳು ಒಂದೇ ಮೇಜಿನ ಸುತ್ತ ಕೂತು ಸಹಿ ಹಾಕಬೇಕು.